ಹುಣಸೆ ನೀರಿಗೆ ಬಿದ್ದ ಕಾಸು

ಕಾಸನ್ನು ಅಂಚಿನಲ್ಲಿ ಹಿಡಿಯಬೇಕು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ. ಮುಖದ ಮೇಲೆ ಬೆರಳು ಬೀಳಬಾರದು. ಇದನ್ನು ನನಗೆ ಕಲಿಸಿದವರು ಮುನಿಶಾಮಪ್ಪ ಮೇಷ್ಟ್ರು. ಇನ್ನೂ ಏನೇನೋ ಕಲಿಸಿದರು. ಅಷ್ಟು ಕಲಿತು ನಾನು ಮಾಡಿದ ಘನಕಾರ್ಯ ಏನು ಅಂತ ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ನಾನೇ ಹೇಳುತ್ತೇನೆ. ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದು ಸಾಕಾಗಿದೆ.

ನಾನು ಚನ್ನಕೇಶವ. ಗೌರಿಬಿದನೂರು ತಾಲ್ಲೂಕಿನಲ್ಲಿ ನಗರಗೆರೆಗೆ ಎರಡು ಮೈಲಿ ಈಚೆಗೆ ನಮ್ಮೂರು. ಅಪ್ಪ ಬೇಗ ತೀರಿಕೊಂಡರು. ಹೊಲ, ಬಾವಿ, ಆಳುಕಾಳು ಎಲ್ಲವನ್ನೂ ನಿಭಾಯಿಸಿದವಳು ನಮ್ಮಮ್ಮ ಓಬಳಮ್ಮ. ನಾನು ಇಂಟರ್‌ಮೀಡಿಯೆಟ್ ಮುಗಿಸಿ ಮೇಷ್ಟ್ರಾದೆ. ಐವತ್ತಮೂರರಲ್ಲಿ ನಾನು ಮಿಡ್ಲ್ ಸ್ಕೂಲಿಗೆ ಸೇರಿದ ವಾರವೇ ಮುನಿಶಾಮಪ್ಪನವರೂ ಅಲ್ಲಿಗೇ ಸೇರಿದರು. ಅವರೂ ನಮ್ಮೂರಿನವರೇ. ನಮ್ಮೂರಿನವರು ಅಂದರೆ ಊರ ಹೊರಗಿನ ಕೇರಿಯವರು. ಅವರ ತಾಯಿ ಕದಿರಮ್ಮ ನಮ್ಮ ಹೊಲದಲ್ಲೇ ಕಳೆ ಕೀಳುತ್ತಿದ್ದವಳು. ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದು ಓದಿ, ಟ್ರೈನಿಂಗ್ ಮುಗಿಸಿ, ಬಿಳಿ ಪಂಚೆ ಉಟ್ಟು ಬಂದ ಮಗನನ್ನೂ ಊರು ‘ಏನ್ಲಾ ಕದಿರಿ ಮಗನೇ’ ಎಂದೇ ಕರೆಯಿತು. ಶಾಲೆಯಲ್ಲಿ ನಾನು ಅವರನ್ನು ಮೇಷ್ಟ್ರೇ ಅನ್ನುತ್ತಿದ್ದೆ, ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು. ಒಂದೇ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಅಷ್ಟಕ್ಕೇ ನಾನೊಬ್ಬ ದೊಡ್ಡ ಸುಧಾರಕ ಅಂತ ಒಳಗೊಳಗೇ ಬೀಗುತ್ತಿದ್ದೆ, ನನ್ನ ಮುಖಕ್ಕಿಷ್ಟು.

ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ ಒಂದು ಕಂಚಿನ ಬೋಗುಣಿ ಇತ್ತು. ಅದರ ತುಂಬ ಹುಣಸೆ ಹಿಂಡಿದ ನೀರು. ಕೇರಿಯವರು ರಾಗಿ ಕೊಳ್ಳಲು ಬಂದರೆ ಕಾಸನ್ನು ನಮ್ಮ ಕೈಗೆ ಕೊಡುವ ಹಾಗಿರಲಿಲ್ಲ, ಆ ಬೋಗುಣಿಗೆ ಹಾಕಬೇಕು. ಸಂಜೆ ಅಮ್ಮ ಆ ಕಾಸಿಗೆ ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ, ಮೇಲೆ ಒಂದು ತಂಬಿಗೆ ನೀರು ಹುಯ್ದು, ಆಮೇಲೆ ಪೆಟ್ಟಿಗೆಗೆ ಸೇರಿಸುತ್ತಿದ್ದಳು. ದಿಲ್ಲಿಯಿಂದ ಅಸ್ಪೃಶ್ಯತೆ ಅಪರಾಧ ಅನ್ನುವ ಕಾನೂನು ಬಂತು, ಬೋಗುಣಿ ಇದ್ದಲ್ಲೇ ಇತ್ತು. ಹುಟ್ಟಿದಾಗಿನಿಂದ ನೋಡಿದ್ದರಿಂದ ಅದೊಂದು ಅಲ್ಲಿದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಮುನಿಶಾಮಪ್ಪನವರಿಗೆ ಹಳೆಯ ಕಾಸಿನ ಹುಚ್ಚು ಹಿಡಿದದ್ದು ಹಾಸ್ಟೆಲಿನಲ್ಲಿದ್ದಾಗ. ಸಂಬಳ ಬಂದ ದಿನ ಗೌರಿಬಿದನೂರಿನ ಸಂತೆಗೆ ಹೋಗಿ ಎಲೆ ಅಡಿಕೆ ಮಾರುವವರ, ಉಪ್ಪು ಮಾರುವವರ ಹರಿವಾಣದಲ್ಲಿ ಹುಡುಕುತ್ತಿದ್ದರು. ಅಲೀಪುರದ ಒಬ್ಬ ಮುದುಕ ಇವರಿಗೆಂದೇ ಉರ್ದು ಅಕ್ಷರದ ಕಾಸುಗಳನ್ನು ಎತ್ತಿಟ್ಟಿರುತ್ತಿದ್ದ. ಐವತ್ತೇಳರಲ್ಲಿ ನಯಾ ಪೈಸೆ ಬಂದಾಗ ಊರೆಲ್ಲ ಹಳೆಯ ದುಡ್ಡನ್ನು ಕಳೆದುಕೊಳ್ಳುವ ಆತುರದಲ್ಲಿತ್ತು. ಇವರು ಮಾತ್ರ ಹೊಸದು ಕೊಟ್ಟು ಹಳೆಯದು ತಂದರು. ತೂತು ಕಾಸು, ಮುಕ್ಕಾಲು ಪಾಲು ಸವೆದ ಮೂರು ಕಾಸು, ರಾಣಿ ಮುಖದ ಅರ್ಧಾಣೆ. ‘ಬಿಟ್ರೆ ಇವುಗಳನ್ನ ಕರಗಿಸಿಬಿಡ್ತಾರೆ ಮೇಷ್ಟ್ರೇ, ಆಮೇಲೆ ಯಾರಿಗೆ ನೆನಪಿರ್ತದೆ’ ಅನ್ನುತ್ತಿದ್ದರು.

ಅದನ್ನು ಇಟ್ಟುಕೊಳ್ಳುವ ರೀತಿ ನೋಡಬೇಕಿತ್ತು ನೀವು. ಹಳೆಯ ಪಂಚೆಯನ್ನು ಗಂಜಿ ಹೋಗುವವರೆಗೆ ಒಗೆದು, ಅಂಗೈಯಗಲ ಹರಿದು, ಒಂದೊಂದು ಕಾಸಿಗೆ ಒಂದೊಂದು ತುಂಡು. ಒಂದಕ್ಕೊಂದು ತಗುಲಬಾರದು. ಹಳೆಯ ಪೇಪರಿನಲ್ಲಿ ಸುತ್ತಬಾರದು, ರಬ್ಬರ್ ಹಾಕಬಾರದು, ಎಣ್ಣೆ ಸವರಬಾರದು. ತೇವ ಹೀರಲಿ ಅಂತ ಬಿಸ್ಕೆಟ್ ಡಬ್ಬಿಯ ತಳದಲ್ಲಿ ಹುರಿದ ಅಕ್ಕಿಯ ಗಂಟು. ಅಮಾವಾಸ್ಯೆಗೊಮ್ಮೆ ಆ ಅಕ್ಕಿ ಬದಲಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ತೊಳೆಯಬಾರದು. ಒಂದು ಸಲ ಹುಡುಗಿಯೊಬ್ಬಳು ಅಜ್ಜಿಯ ಪೆಟ್ಟಿಗೆಯ ತಾಮ್ರದ ಕಾಸನ್ನು ಮೇಷ್ಟ್ರಿಗೆಂದು ಬೂದಿ ಹಾಕಿ ಬೆಳಗಿ ತಂದಳು. ಮುನಿಶಾಮಪ್ಪ ಅದನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಆಮೇಲೆ ಮೆಲ್ಲಗೆ, ‘ಇದರ ಮೇಲಿನ ಹಸಿರು ಕೊಳೆಯಲ್ಲ ಕಣಮ್ಮ, ಇದರ ಚರ್ಮ. ನೂರು ವರ್ಷ ತಗೊಂಡು ಬೆಳೆಸ್ಕೊಂಡಿತ್ತು. ಸುಲಿದುಬಿಟ್ಟೆಯಲ್ಲ’ ಅಂದರು. ಹುಡುಗಿ ಅತ್ತಳು. ಇವರ ಕಣ್ಣಲ್ಲೂ ನೀರು. ಒಂದು ಕಾಸಿಗೆ ಇಷ್ಟೊಂದಾ ಅಂತ ನಾನು ನಕ್ಕೆ.

ಐವತ್ತೆಂಟರ ಬೇಸಿಗೆಯಲ್ಲಿ ಕೆರೆ ಒಣಗಿತ್ತು. ಕೆರೆಯ ಗೋಡುಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು ನಮ್ಮ ಕಡೆಯ ಪದ್ಧತಿ. ಕದಿರಮ್ಮ ಅಲ್ಲಿ ಮಣ್ಣು ಅಗೆದು ಮಂಕರಿಗೆ ತುಂಬುತ್ತಿದ್ದಾಗ ಅವಳ ಸನಿಕೆಗೆ ಒಂದು ಒಡೆದ ಕುಡಿಕೆ ಸಿಕ್ಕಿತು. ಅದರೊಳಗೆ ಹನ್ನೊಂದು ಬಿಲ್ಲೆ. ತಕ್ಕಡಿಯ ತೂಕದ ಬಟ್ಟು ಇರಬೇಕು ಅಂತ ಸೆರಗಿಗೆ ಕಟ್ಟಿಕೊಂಡು ಮಗನಿಗೆ ತಂದುಕೊಟ್ಟಳು.

ಮಾರನೆಯ ದಿನ ಮುನಿಶಾಮಪ್ಪ ಶಾಲೆಗೆ ಬಂದದ್ದು ಜ್ವರ ಬಂದವರ ಹಾಗೆ. ಬಾಗಿಲು ಹಾಕಿ ಡಬ್ಬಿ ಬಿಚ್ಚಿದರು. ಸೀಸದ ಕಾಸುಗಳು, ಬೂದುಗಪ್ಪು ಬಣ್ಣ. ಒಂದರ ಮೇಲೆ ಗುಡ್ಡದ ಹಾಗೆ ಮೂರು ಕಮಾನು, ಸುತ್ತ ಆರು ಅಕ್ಷರ. ನಮ್ಮ ಕನ್ನಡದ ಅಕ್ಷರವಲ್ಲ, ಅದಕ್ಕೂ ಎಷ್ಟೋ ಹಿಂದಿನದು. ಉಳಿದ ಹತ್ತರಲ್ಲಿ ಅಕ್ಷರ ಸವೆದಿತ್ತು, ಇದೊಂದರಲ್ಲಿ ಮಾತ್ರ ಆರೂ ಉಳಿದಿದ್ದವು. ಪೆನ್ಸಿಲಿನಲ್ಲಿ ಕಾಗದದ ಮೇಲೆ ಉಜ್ಜಿ ಅಚ್ಚು ತೆಗೆಯೋಣವಾ ಅಂದೆ. ಬೇಡ, ಸೀಸ ಮೆತ್ತಗೆ, ಉಗುರು ತಗುಲಿದರೂ ಗೀರು ಬೀಳುತ್ತದೆ ಅಂದರು. ಆಮೇಲೆ ಎರಡು ಕಾಸನ್ನು ಮರದ ಪೆಟ್ಟಿಗೆಯಲ್ಲಿಟ್ಟು ನೋಡಿದರು. ತಿಂಗಳೊಳಗೆ ಬಿಳಿ ಪುಡಿ ಏಳತೊಡಗಿತು, ಮರ ಸೀಸಕ್ಕೆ ಆಗದು ಅಂತ ಗೊತ್ತಾಗಿ ಅವನ್ನೂ ಡಬ್ಬಿಗೆ ಸೇರಿಸಿದರು. ನೋಟ್ ಪುಸ್ತಕದಲ್ಲಿ ಕೈಯಲ್ಲೇ ಚಿತ್ರ ಬರೆದುಕೊಂಡರು.

ಹಳೆಯ ನಾಣ್ಯ ಪರೀಕ್ಷಿಸುವ ಬೆಂಗಳೂರಿನ ಇಲಾಖೆಯೊಂದಕ್ಕೆ ಅವರೇ ಕಾಗದ ಬರೆದರು. ಹನ್ನೊಂದು ತಿಂಗಳಾದ ಮೇಲೆ ಉತ್ತರ ಬಂತು. ಅಧಿಕಾರಿಯೊಬ್ಬರು ಖುದ್ದಾಗಿ ಬಂದು ನೋಡುತ್ತಾರೆ, ಅಕ್ಷರ ಓದುವಂತಿದ್ದರೆ ಇಲಾಖೆಯ ಪತ್ರಿಕೆಯಲ್ಲಿ ಕಾಸಿನ ಚಿತ್ರ ಅಚ್ಚಾಗುತ್ತದೆ, ಕೆಳಗೆ ಅದನ್ನು ಮೊದಲು ಕಂಡವರ ಹೆಸರು, ಸಂಗ್ರಾಹಕರ ಹೆಸರು ಬರುತ್ತದೆ. ಆ ಕಾಗದವನ್ನು ಮುನಿಶಾಮಪ್ಪ ನನಗೆ ಮೂರು ಸಲ ಓದಿಸಿದರು.

‘ಕಂಡವರು, ಕದಿರಮ್ಮ. ಹಿಂಗೇ ಬರ್ಬೇಕು ಮೇಷ್ಟ್ರೇ’ ಅಂದರು. ‘ನಮ್ಮಮ್ಮನ ಹೆಸರು ಯಾವ ಕಾಗದದಲ್ಲೂ ಇಲ್ಲ. ಪಹಣಿ ಇಲ್ಲ, ಪಟ್ಟಾ ಇಲ್ಲ. ವೋಟಿನ ಪಟ್ಟಿಯಲ್ಲೂ ನಮ್ಮಪ್ಪನ ಹೆಸರು ಹಾಕಿ ಮುನಿಗನ ಹೆಂಡತಿ ಅಂತ ಬರ್ದವ್ರೆ. ನನ್ನದು ಕೆಳಗೆ ಸಣ್ಣದಾಗಿ ಬಂದ್ರೂ ಸಾಕು.’

ಆ ಮನುಷ್ಯ ಜೀವಮಾನದಲ್ಲಿ ಬೇಡಿದ್ದು ಇಷ್ಟೇ, ಒಂದು ಕಾಸಿನ ಕೆಳಗೆ ಎರಡು ಹೆಸರು.

ಅಧಿಕಾರಿಯನ್ನು ಎಲ್ಲಿ ಕೂರಿಸುವುದು? ಕೇರಿಯಲ್ಲಿ ಕುರ್ಚಿ ಇಲ್ಲ. ಶಾಲೆಗೆ ಬೇಸಿಗೆ ರಜ, ಬೀಗ. ನಮ್ಮ ಮನೆಯ ಪಡಸಾಲೆಯಲ್ಲಿ ನೋಡಲಿ, ಊಟಾನೂ ಅಲ್ಲೇ ಆಗಲಿ ಅಂತ ನಾನೇ ದೊಡ್ಡಸ್ತಿಕೆಯಿಂದ ಹೇಳಿದೆ. ಮುನಿಶಾಮಪ್ಪ ಎಲ್ಲಿ ಕೂರುತ್ತಾರೆ ಅನ್ನುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಬೆಳಗಿನ ರೈಲಿಗೆ ಗೌರಿಬಿದನೂರಿಗೆ ಬರುವ ಅವರನ್ನು ಕರೆತರಲು ಮುನಿಶಾಮಪ್ಪ ಮೊದಲ ಬಸ್ಸಿಗೇ ಹೊರಡಬೇಕಿತ್ತು. ಬಸ್ಸಿನ ನೂಕುನುಗ್ಗಲಿಗೆ ಸೀಸ ತಾಳುವುದಿಲ್ಲ ಅಂತ ಡಬ್ಬಿಯನ್ನು ಹಿಂದಿನ ದಿನ ಮಧ್ಯಾಹ್ನವೇ ನನ್ನ ಕೈಗೆ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ‘ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ ಮೇಷ್ಟ್ರೇ.’

‘ನನ್ನ ಪ್ರಾಣ ಇಟ್ಟು ಕಾಯ್ತೀನಿ’ ಅಂದೆ. ಎಂಥ ಮಾತು ಬಂತು ನೋಡಿ ಬಾಯಲ್ಲಿ.

ಡಬ್ಬಿಯನ್ನು ಪಡಸಾಲೆಯ ಗೂಡಿನಲ್ಲಿಟ್ಟು, ಬೆಳಿಗ್ಗೆ ಅಮ್ಮನಿಗೆ ‘ಇದನ್ನ ಮುಟ್ಟಬೇಡಮ್ಮ’ ಅಂದು ಬಾಳೆಲೆ, ತರಕಾರಿ ತರಲು ತೋಟಕ್ಕೆ ಹೋದೆ. ಹಿಂತಿರುಗುವುದು ಎರಡು ಗಂಟೆ ತಡವಾಯಿತು. ದಾರಿಯಲ್ಲಿ ಯಾರೋ ಸಿಕ್ಕರು, ಬೆಂಗಳೂರಿನ ಅಧಿಕಾರಿ ನಮ್ಮನೆಗೆ ಬರ್ತಿದ್ದಾರೆ ಅಂತ ಜಂಬ ಕೊಚ್ಚುತ್ತಾ ನಿಂತಿದ್ದೆ.

ಬಂದು ನೋಡಿದರೆ ಪಡಸಾಲೆಯ ನಡುವೆ ಮಣೆ, ಮಣೆಯ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಹನ್ನೊಂದು ಕಾಸು. ಹೊಸದಾಗಿ ಕಲಾಯಿ ಹಾಕಿದ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಒಂದೊಂದಕ್ಕೂ ಕುಂಕುಮದ ಬೊಟ್ಟು.

ನನ್ನ ಕೈಯಿಂದ ಬಾಳೆಲೆ ಜಾರಿತು. ಗುಡ್ಡದ ಕಾಸನ್ನು ಎತ್ತಿ ಬೆಳಕಿಗೆ ಹಿಡಿದೆ. ಗುಡ್ಡ ಇತ್ತು, ಅರ್ಧ. ಅಕ್ಷರಗಳಿದ್ದ ಕಡೆ ನಾರಿನ ಗೆರೆಗಳು ಅಡ್ಡಾದಿಡ್ಡಿ ಓಡಿದ್ದವು. ಒಂದಕ್ಷರ ಇರಬಹುದು ಅನ್ನಿಸಿತು, ಇನ್ನೊಮ್ಮೆ ನೋಡಿದರೆ ಅದೂ ಗೀರು.

‘ಅಮ್ಮ, ಮುಟ್ಟಬೇಡ ಅಂದಿರ್ಲಿಲ್ವೇನಮ್ಮ?’

‘ಎಲ್ಲೋ ಮುಟ್ಟಿದೆ ನಾನು’ ಅಂದಳು ಅಮ್ಮ, ಸಮಾಧಾನವಾಗಿಯೇ. ‘ಕೇರಿ ಕೈ ಆಡಿರೋದು, ಹಂಗೇ ಮುಟ್ತೀನಾ? ಡಬ್ಬೀನ ಇಕ್ಕಳದಲ್ಲಿ ಹಿಡ್ದು ಬೋಗುಣಿಗೆ ಸುರಿದೆ. ಮೈಲಿಗೆ ಹೋದ್ಮೇಲೆ ಬೂದಿ ಹಾಕಿ ಉಜ್ಜಿದೆ. ಹೊರಗಡೆಯೋರು ಊಟಕ್ಕೆ ಕೂರೋ ಜಾಗ ಕಣೋ ಇದು. ಲಕ್ಷ್ಮೀನ ಹಂಗೆ ಇಡ್ತಾರಾ? ಪಾಪ, ಕದಿರಿ ಮಗನಿಗೂ ಒಳ್ಳೇದಾಗ್ಲಿ ಅಂತ ಬೊಟ್ಟೂ ಇಟ್ಟೆ.’

ಅವಳ ಕೈ ನೋಡಿದೆ. ಬೆರಳ ಸಂದಿಯಲ್ಲಿ ಇನ್ನೂ ಬೂದಿ ಇತ್ತು. ಎರಡು ಗಂಟೆ ಹೊತ್ತು ಕೂತು, ಸೊಂಟ ನೋವಿನಲ್ಲೂ, ಶ್ರದ್ಧೆಯಿಂದ ಉಜ್ಜಿದ್ದಳು. ಕೂಗಾಡಬೇಕು ಅನ್ನಿಸಿತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಬೋಗುಣಿ ಅಲ್ಲಿದೆ ಅಂತ ನನಗೆ ಗೊತ್ತಿತ್ತು. ಆ ಡಬ್ಬಿ ಯಾರ ಕೈಯಿಂದ ಬಂತು ಅಂತ ಅವಳಿಗೆ ಹೇಳಿದ್ದೂ ನಾನೇ.

ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ. ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅಡುಗೆ ಮನೆಗೆ ಓಡಿ, ಒಲೆಯ ಗೋಡೆಯ ಮಸಿ ಕೆರೆದು, ಒಂದು ತೊಟ್ಟು ಹರಳೆಣ್ಣೆ ಹಾಕಿ ಕಲಸಿ ಗುಡ್ಡದ ಕಾಸಿಗೆ ಬಳಿದೆ. ಕಪ್ಪಾದರೆ ಹಳೆಯದರ ಹಾಗೆ ಕಂಡೀತು, ಮಸಿ ಕೂತು ಅಕ್ಷರ ಎದ್ದೀತು ಅನ್ನುವ ಆಸೆ. ಅಕ್ಷರ ಏಳಲಿಲ್ಲ. ಕಾಸು ಬಾಣಲೆಯ ತಳದಂತಾಯಿತು. ಪಂಚೆಯ ಚುಂಗಿನಲ್ಲಿ ಒರೆಸಿದೆ, ಮುಖದಿಂದ ಹೋಯಿತು, ಅಂಚಿನಲ್ಲಿ ಕುಳಿಗಳಲ್ಲಿ ಉಳಿಯಿತು. ಉಗುರಿನಲ್ಲಿ ಕೆರೆದೆ. ಹೊಸ ಗೀರು ಬಿತ್ತು. ಬಸ್ಸಿನ ಹಾರನ್ ಕೇಳಿಸಿತು.

ಅಧಿಕಾರಿ ಕನ್ನಡಕದ, ತೆಳ್ಳಗಿನ, ಬಿಸಿಲಿಗೆ ಬೆವೆತು ಸುಸ್ತಾದ ಮನುಷ್ಯ. ಮುನಿಶಾಮಪ್ಪ ಅವರ ಚೀಲ ಹೊತ್ತು ಹಿಂದೆ ಬರುತ್ತಿದ್ದರು. ಅವತ್ತು ಅವರ ಮುಖದಲ್ಲಿದ್ದ ಬೆಳಕನ್ನು ನಾನು ಮತ್ತೆ ಯಾವತ್ತೂ ನೋಡಲಿಲ್ಲ. ಅಧಿಕಾರಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಮುನಿಶಾಮಪ್ಪ ಚೀಲವನ್ನು ಹೊಸ್ತಿಲ ಈಚೆಗೆ ಜರುಗಿಸಿ ಜಗಲಿಯ ಕೆಳಗೆ ನಿಂತರು. ಬನ್ನಿ ಅನ್ನಬೇಕಾದವನು ನಾನು. ಬಾಗಿಲ ಹಿಂದೆ ಅಮ್ಮ ನಿಂತಿದ್ದಳು, ನಾನು ಅನ್ನಲಿಲ್ಲ.

ಅಧಿಕಾರಿ ತಟ್ಟೆ ನೋಡಿದರು. ಭೂತಗಾಜು ತೆಗೆದು ಒಂದು ಕಾಸು ಎತ್ತಿದರು, ಇನ್ನೊಂದು ಎತ್ತಿದರು. ಗುಡ್ಡದ ಕಾಸನ್ನು ಎತ್ತಿ ಬಹಳ ಹೊತ್ತು ತಿರುಗಿಸಿದರು. ಅವರ ಬೆರಳಿಗೆ ಮಸಿ ಹತ್ತಿತು. ಬೆರಳನ್ನು ಮೂಗಿಗೆ ಹಿಡಿದು ಮೂಸಿದರು.

‘ಯಾರು ತೊಳೆದದ್ದು ಇದನ್ನು?’

ಮುನಿಶಾಮಪ್ಪ ಕತ್ತು ನೀಡಿ ನೋಡಿದರು. ಜಗಲಿಯ ಕೆಳಗಿಂದ ತಟ್ಟೆಯ ಹೊಳಪು ಮಾತ್ರ ಕಾಣಿಸುತ್ತಿತ್ತು. ಅಷ್ಟು ಸಾಕಾಯಿತು. ಅವರು ನನ್ನ ಮುಖ ನೋಡಿದರು, ಆಮೇಲೆ ಮೂಲೆಯ ಬೋಗುಣಿಯ ಕಡೆ ತಿರುಗಿದರು. ಹುಟ್ಟಿದಾಗಿನಿಂದ ಅವರೂ ನೋಡಿದ ಬೋಗುಣಿ. ಎಷ್ಟೋ ಸಲ ಕದಿರಮ್ಮನ ಸೊಂಟದ ಮೇಲೆ ಕೂತು ಅದಕ್ಕೆ ಕಾಸು ಹಾಕಿದ್ದರು.

‘ಮೇಷ್ಟ್ರೇ, ನಿಮ್ಮನ್ನೇ ಕೇಳಿದ್ದು’ ಅಂದರು ಅಧಿಕಾರಿ, ಜಗಲಿಯ ಕಡೆ ನೋಡಿ. ‘ಕಾಗದದಲ್ಲಿ ಅಷ್ಟೆಲ್ಲ ಬರೆದಿದ್ದಿರಿ. ಹಳೆಯ ನಾಣ್ಯ ತೊಳೆಯಬಾರದು ಅನ್ನುವಷ್ಟೂ ಗೊತ್ತಿಲ್ಲವೇ? ಇದಕ್ಕೆ ಮಸಿ ಬೇರೆ ಹಚ್ಚಿದೆ. ಒಳಗೆ ಬನ್ನಿ, ಬಂದು ಹೇಳಿ.’

ಮುನಿಶಾಮಪ್ಪ ಒಳಗೆ ಬರಲಿಲ್ಲ. ಅವರ ಕಣ್ಣು ನನ್ನ ಮೇಲಿತ್ತು. ಒಂದು ಮಾತು, ‘ನಮ್ಮ ಮನೆಯಲ್ಲಿ ಆದದ್ದು ಸ್ವಾಮಿ’ ಅನ್ನುವ ಒಂದೇ ಮಾತು ಸಾಕಿತ್ತು. ನಾನು ತಟ್ಟೆ ನೋಡಿದೆ, ನೆಲ ನೋಡಿದೆ, ಬಿದ್ದ ಬಾಳೆಲೆ ಎತ್ತಿಟ್ಟೆ.

‘ಚಿತ್ರ ಬರ್ಕೊಂಡಿದೀನಿ ಸಾರ್. ಆರೂ ಅಕ್ಷರ’ ಅಂದರು ಮುನಿಶಾಮಪ್ಪ ಹೊರಗಿನಿಂದಲೇ. ನೋಟ್ ಪುಸ್ತಕವನ್ನು ಜಗಲಿಯ ಮೇಲಿಟ್ಟು ಒಳಕ್ಕೆ ಸರಿಸಿದರು.

‘ಚಿತ್ರ ಯಾರು ಬೇಕಾದರೂ ಬರೆಯಬಹುದು’ ಅಂದರು ಅಧಿಕಾರಿ, ಪುಸ್ತಕ ಮುಟ್ಟಲಿಲ್ಲ.

ಅವರು ಊಟ ಮಾಡಿದರು, ಅಮ್ಮನ ಕೈರುಚಿ ಹೊಗಳಿದರು, ಮೂರು ಗಂಟೆಯ ಬಸ್ಸಿಗೆ ಹೋದರು. ಅಲ್ಲಿಯವರೆಗೂ ಮುನಿಶಾಮಪ್ಪ ಬಿಸಿಲಲ್ಲೇ ನಿಂತಿದ್ದರು. ಆಮೇಲೆ ನಾನು ತಟ್ಟೆ ತಂದು ಜಗಲಿಯ ಮೇಲಿಟ್ಟೆ. ಒಂದೊಂದೇ ಕಾಸನ್ನು ಅಂಚಿನಲ್ಲಿ ಹಿಡಿದು, ಕುಂಕುಮ ಊದಿ, ಅವರದೇ ಬಟ್ಟೆಯಲ್ಲಿ ಸುತ್ತಿದರು. ಇನ್ನು ಅಂಚು ಹಿಡಿದರೇನು, ನಡುವೆ ಹಿಡಿದರೇನು. ಆದರೂ ಹಾಗೇ ಹಿಡಿದರು. ಅದನ್ನು ನೋಡಿ ನನಗೆ ಸತ್ತುಹೋಗುವಂತಾಯಿತು.

ಶಾಲೆ ಶುರುವಾದ ಮೊದಲ ದಿನ ಬೆಂಚಿನ ಹತ್ತಿರ ಹೋಗಿ, ‘ನಮ್ಮಮ್ಮನಿಗೆ ತಿಳೀಲಿಲ್ಲ ಮೇಷ್ಟ್ರೇ, ವಯಸ್ಸಾದೋಳು’ ಅಂದೆ.

‘ಆ ಸಾಹೇಬ್ರಿಗೆ ನೀವೊಂದು ಕಾರ್ಡ್ ಬರ್ದುಬಿಡಿ’ ಅಂದರು. ‘ಅವ್ರು ಅಚ್ಚಿಗೆ ಕೊಡೋಕೆ ಮುಂಚೆ. ಕಾಸು ಹೋಯ್ತು, ಹೋಗ್ಲಿ. ನಾನು ಮೋಸ ಮಾಡ್ದೆ ಅಂತ ಬರೆದುಬಿಟ್ರೆ ಕಷ್ಟ. ಈ ಜನಕ್ಕೆ ನಾವು ಎಷ್ಟು ಓದಿದ್ರೂ ಇಷ್ಟೇ ಅಂತ ಆಡ್ಕೊಳ್ಳೋಕೆ ಒಂದು ಕಾಗದ ಸಿಕ್ಕಂಗಾಗ್ತದೆ. ನಾನು ಬರೆದ್ರೆ ನಂಬಲ್ಲ. ನೀವು ಬರೆದ್ರೆ ನಂಬ್ತಾರೆ.’

‘ಇವತ್ತೇ ಬರೀತೀನಿ’ ಅಂದೆ.

ಬರೆಯಲಿಲ್ಲ. ಕಾರ್ಡು ತಂದೆ, ಮೇಜಿನ ಮೇಲಿಟ್ಟೆ. ಅಮ್ಮ, ‘ನನ್ನ ಹೆಸರು ಸರ್ಕಾರಕ್ಕೆ ಬರೀತೀಯೇನೋ, ಈ ಮನೆ ಮರ್ಯಾದೆ ಬೀದಿಗೆ ಹಾಕ್ತೀಯಾ, ಜೈಲಿಗೆ ಹಾಕುಸ್ತೀಯಾ’ ಅಂತ ಎರಡು ದಿನ ಊಟ ಬಿಟ್ಟಳು. ಆ ಕಾನೂನಿನ ಭಯ ಅವಳಿಗೂ ಇತ್ತು, ನನಗೂ ಇತ್ತು. ಮುನಿಶಾಮಪ್ಪ ವಾರ ಬಿಟ್ಟು ಕೇಳಿದರು, ಬರೆದೆ ಅಂದೆ. ತಿಂಗಳು ಬಿಟ್ಟು ಉತ್ತರ ಬಂತಾ ಅಂದರು, ಇನ್ನೂ ಇಲ್ಲ ಅಂದೆ. ಶಾಲೆಯ ಬಾವಿಯ ಹತ್ತಿರ ಮೂರನೆಯ ಸಲ ಕೇಳಿದಾಗ ನಾನು ರೇಗಿದೆ. ‘ಎಷ್ಟು ಸಲ ಹೇಳೋದು ಮೇಷ್ಟ್ರೇ, ಬರೆದಾಯ್ತು ಅಂದ್ನಲ್ಲ’ ಅಂದೆ. ಅವರು ಮತ್ತೆ ಕೇಳಲಿಲ್ಲ. ಬುತ್ತಿ ಬಿಚ್ಚುವಾಗ ಬೆಂಚಿನ ಆ ತುದಿಗೆ ಸರಿದು ಕೂತರು.

ಅರವತ್ತರ ಮಳೆಗಾಲದಲ್ಲಿ ಪತ್ರಿಕೆ ಅಂಚೆಯಲ್ಲಿ ಬಂತು. ಇಂಗ್ಲಿಷಿನಲ್ಲಿತ್ತು. ಕಾಸಿನ ಚಿತ್ರ ಇರಲಿಲ್ಲ. ಕಡೆಯ ಪುಟದಲ್ಲಿ ನಾಲ್ಕು ಸಾಲು. ಗೌರಿಬಿದನೂರು ತಾಲ್ಲೂಕಿನಿಂದ ಬಂದ ಹನ್ನೊಂದು ಸೀಸದ ನಾಣ್ಯಗಳು ಅಧ್ಯಯನಕ್ಕೆ ಉಪಯೋಗವಿಲ್ಲ, ಸಂಗ್ರಾಹಕ ಕೆ. ಮುನಿಶಾಮಪ್ಪ ಎಂಬ ಶಾಲಾ ಉಪಾಧ್ಯಾಯ ಅವನ್ನು ತಿಳಿವಳಿಕೆಯಿಲ್ಲದೆ ತಿಕ್ಕಿ ಹಾಳುಮಾಡಿ, ಅನಂತರ ಪುರಾತನವೆಂದು ತೋರಿಸಲು ಒಂದಕ್ಕೆ ಮಸಿ ಹಚ್ಚಿರುವಂತೆ ಕಾಣುತ್ತದೆ. ಹೆಸರು ಅಚ್ಚಾಗಿತ್ತು, ಅಕ್ಷರ ತಪ್ಪಿಲ್ಲದೆ. ಕದಿರಮ್ಮನ ಹೆಸರು ಎಲ್ಲೂ ಇರಲಿಲ್ಲ.

ಅವತ್ತು ಸಂಜೆ ನಾನು ಕೇರಿಗೆ ಹೋದೆ. ಏನು ಹೇಳಲು ಹೋದೆನೋ ಈಗಲೂ ತಿಳಿಯದು. ಮುನಿಶಾಮಪ್ಪ ಗುಡಿಸಲಿನ ಮುಂದೆ ಕೂತಿದ್ದರು, ಪತ್ರಿಕೆ ತೊಡೆಯ ಮೇಲಿತ್ತು. ಕದಿರಮ್ಮ ಪಕ್ಕದಲ್ಲಿ ಬಗ್ಗಿ ಆ ಪುಟವನ್ನು ನೋಡುತ್ತಿದ್ದಳು.

‘ಇದ್ರಾಗೆ ನನ್ನ ಪೇರು ಐತಾ ನಾಯನಾ?’ ಅಂತ ಕೇಳಿದಳು.

ಮುನಿಶಾಮಪ್ಪ ನನ್ನನ್ನು ನೋಡಿದರು, ಪುಟ ನೋಡಿದರು. ತಮ್ಮದೇ ಹೆಸರಿನ ಮೇಲೆ ಬೆರಳಿಟ್ಟು, ‘ಐತಮ್ಮ. ಇಲ್ಲಿ ಐತೆ ನೋಡು. ಕದಿರಮ್ಮ’ ಅಂದರು.

ಅವಳು ಆ ಜಾಗವನ್ನು ಬೆರಳಲ್ಲಿ ಸವರಿ ಕಣ್ಣಿಗೊತ್ತಿಕೊಂಡಳು. ನನ್ನ ಕಡೆ ತಿರುಗಿ ಕೈ ಮುಗಿದಳು. ‘ನಿಮ್ಮ ಪಡಸಾಲೇಲಿ ತೋರ್ಸಿದ್ದಕ್ಕೆ ಆಯ್ತು ಸ್ವಾಮಿ. ಓಬಳಮ್ಮೋರ ಹೊಟ್ಟೆ ತಣ್ಣಗಿರ್ಲಿ.’ ನಾನು ಅಲ್ಲಿಂದ ಹೇಗೆ ಬಂದೆನೋ, ಕೆರೆ ಏರಿಯ ಮೇಲೆ ಕೂತು ಹೊತ್ತು ಮುಳುಗುವವರೆಗೂ ಅತ್ತೆ. ಅತ್ತು ಎದ್ದು ಮನೆಗೆ ಹೋಗಿ ಕಾರ್ಡು ಬರೆದೆನಾ? ಇಲ್ಲ.

ಅರವತ್ತೊಂದರಲ್ಲಿ ಅವರೇ ಕೇಳಿ ಶಿಡ್ಲಘಟ್ಟಕ್ಕೆ ವರ್ಗ ಮಾಡಿಸಿಕೊಂಡರು, ಅಲ್ಲಿಂದ ಚಿಂತಾಮಣಿಗೆ. ತಾಯಿಯನ್ನು ಜೊತೆಗೆ ಕರೆದುಕೊಂಡು ಹೋದರು. ಅರವತ್ತಾರರ ಮಾಘದಲ್ಲಿ ನಮ್ಮಮ್ಮ ತೀರಿಕೊಂಡಳು. ತಿಥಿ ಮುಗಿದ ಮಾರನೆಯ ದಿನ ನಾನು ಆ ಅಧಿಕಾರಿಯ ಹೆಸರಿಗೆ ಕಾರ್ಡು ಬರೆದೆ. ಅವಳು ಸಾಯಲಿ ಅಂತ ಕಾದಿದ್ದೆ ಅಂತ ಬೇಕಾದರೆ ಅನ್ನಿ, ಅದು ಸುಳ್ಳಲ್ಲ. ಮೂರು ವಾರಕ್ಕೆ ಕಾರ್ಡು ಹಿಂತಿರುಗಿತು. ವಿಳಾಸದಾರರು ತೀರಿಕೊಂಡಿದ್ದಾರೆ ಅಂತ ಕೆಂಪು ಶಾಯಿಯಲ್ಲಿ ಬರೆದಿತ್ತು.

ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಚಿಂತಾಮಣಿಗೆ ಹೋದೆ. ಎರಡು ಕೋಣೆಯ ಬಾಡಿಗೆ ಮನೆ, ಗೋಡೆಯ ಮೇಲೆ ಬುದ್ಧನ ಚಿತ್ರ. ಮುನಿಶಾಮಪ್ಪನವರ ಕೂದಲು ನರೆತಿತ್ತು. ಒಳಗೆ ಕರೆದು, ಚಾಪೆ ಹಾಸಿ, ಕಾಫಿ ಕೊಟ್ಟರು. ಕುಡಿದೆ.

‘ಅಮ್ಮ ಎಲ್ಲಿ?’ ಅಂದೆ.

‘ಹೋದ ವರ್ಷ ಹೋದ್ಲು. ಆ ಪುಟಾನ ಸಾಯೋವರ್ಗೂ ಸೆರಗಲ್ಲಿ ಕಟ್ಕೊಂಡಿದ್ಲು. ಅವಳ ಜೊತೇಲೇ ಮಣ್ಣಿಗೆ ಇಟ್ಬಿಟ್ಟೆ. ಓದೋಕೆ ಬರದೋರ ಹತ್ರ ಇದ್ರೇ ಅದಕ್ಕೆ ಮರ್ಯಾದೆ.’

ಕಾರ್ಡು ತೆಗೆದುಕೊಟ್ಟೆ. ಕೆಂಪು ಶಾಯಿ ಓದಿದರು, ತಿರುಗಿಸಿ ನನ್ನ ಬರಹ ಓದಿದರು. ಎರಡೇ ಸಾಲು ಅದು. ನಾಣ್ಯಗಳನ್ನು ತೊಳೆದದ್ದು ಮುನಿಶಾಮಪ್ಪನವರಲ್ಲ, ನಮ್ಮ ತಾಯಿಯವರು ತಿಳಿಯದೆ ತೊಳೆದರು, ಕ್ಷಮಿಸಬೇಕು.

‘ತಿಳಿಯದೆ ಅಂತ ಬರ್ದಿದೀರಿ’ ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ, ಹುಡುಗರ ಕಾಪಿ ತಿದ್ದುವ ದನಿ. ‘ಅವ್ರಿಗೆ ತಿಳಿದೇ ಇತ್ತು ಮೇಷ್ಟ್ರೇ, ಯಾಕೆ ತೊಳೀತೀನಿ ಅಂತ. ಅದನ್ನ ಬರೀಲಿಲ್ಲ ನೀವು. ಇನ್ನೊಂದು, ಮಸಿ. ಹುಣಸೆ ಅವರ ಕೈಯ್ದು, ಬೂದಿ ಅವರ ಕೈಯ್ದು. ಮಸಿ ಓದಿದೋರ ಕೈಯ್ದು. ಅವತ್ತೇ ಗೊತ್ತಾಯ್ತು ನಂಗೆ, ನಿಮ್ಮ ಪಂಚೆ ಚುಂಗು ಕಪ್ಪಗಿತ್ತು.’

ಏಳು ವರ್ಷ ಅದನ್ನು ತಿಳಿದುಕೊಂಡೇ ಇದ್ದ ಮನುಷ್ಯನ ಎದುರು ನಾನು ತಲೆ ತಗ್ಗಿಸಿ ಕೂತಿದ್ದೆ. ಅವರು ಎದ್ದು ಗೂಡಿನಿಂದ ಬಿಸ್ಕೆಟ್ ಡಬ್ಬಿ ತಂದರು. ಬಟ್ಟೆಯ ಹನ್ನೊಂದು ಪೊಟ್ಟಣಗಳು ಹಾಗೇ ಇದ್ದವು. ಹುರಿದ ಅಕ್ಕಿಯ ಗಂಟು ಹೊಸದಾಗಿತ್ತು, ವಾಸನೆ ಇನ್ನೂ ಇತ್ತು. ಏನೂ ಉಳಿಯದ ಕಾಸುಗಳಿಗೆ ಆ ಮನುಷ್ಯ ಅಮಾವಾಸ್ಯೆ ಅಮಾವಾಸ್ಯೆಗೂ ಅಕ್ಕಿ ಹುರಿಯುತ್ತಿದ್ದರು.

ಒಂದು ಹೊಸ ಕಾರ್ಡನ್ನೂ ಪೆನ್ನನ್ನೂ ನನ್ನ ಮುಂದಿಟ್ಟರು. ‘ಬರೀರಿ. ಕಳಿಸೋಕೆ ಯಾರೂ ಇಲ್ಲ, ಆದ್ರೂ ಬರೀರಿ.’

ಮೊದಲ ಸಾಲಿಗೆ ಎಷ್ಟು ಹೊತ್ತು ಹಿಡಿಯಿತೋ, ಅವರು ಆತುರ ಮಾಡಲಿಲ್ಲ. ಕದಿರಮ್ಮನವರಿಗೆ ಕೆರೆಯಲ್ಲಿ ಸಿಕ್ಕ ಈ ಕಾಸುಗಳನ್ನು ಮುನಿಶಾಮಪ್ಪನವರು ಮುಟ್ಟಿದ್ದರೆಂಬ ಕಾರಣಕ್ಕೆ ನಮ್ಮ ಮನೆಯಲ್ಲಿ ತೊಳೆದೆವು. ಮಸಿ ಹಚ್ಚಿದವನು ನಾನು. ಇಷ್ಟು ಬರೆದೆ.

‘ತಾರೀಖು ಹಾಕಿ’ ಅಂದರು. ಹಾಕಿದೆ. ‘ಊರು.’ ಬರೆದೆ. ‘ಹೆಸರು ಪೂರ್ತಿ ಬರೀರಿ.’

ಶಾಯಿ ಆರುವವರೆಗೂ ಕಾದರು. ಆಮೇಲೆ ಕಾರ್ಡನ್ನು ಅಂಚಿನಲ್ಲಿ ಹಿಡಿದೆತ್ತಿ, ಒಂದು ತುಂಡು ಪಂಚೆಯ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯೊಳಗೆ ಗುಡ್ಡದ ಕಾಸಿನ ಅಡಿಗೆ ಇಟ್ಟು ಮುಚ್ಚಳ ಹಾಕಿದರು. ನಾಲ್ಕೂವರೆಗೆ ಬಸ್ಸಿದೆ ಅಂತ ಹೇಳಿ ಬಾಗಿಲವರೆಗೆ ಬಂದರು. ಆ ಕಾಸಿನ ಕೆಳಗೆ ಇರಬೇಕಾಗಿದ್ದದ್ದು ಅವರ, ಅವರ ತಾಯಿಯ ಹೆಸರು. ಅಲ್ಲೀಗ ಸಹಿ ಹಾಕಿ ಕೂತಿರುವುದು ನನ್ನದು.